ನಾಲ್ವರು ವೈದ್ಯರು, ಹನ್ನೊಂದು ಔಷಧಗಳು: ಫಾರ್ಮಸಿಸ್ಟ್ ಹೆಚ್ಚಿಗೆ ಏನು ಮಾಡಬಲ್ಲರು?

ಪ್ರಶ್ನೆ: ನನ್ನ ತಾಯಿಗೆ 72 ವರ್ಷ. ಮಧುಮೇಹ, ರಕ್ತದೊತ್ತಡ ಮತ್ತು ಥೈರಾಯ್ಡ್ ತೊಂದರೆ ಬಹಳ ಕಾಲದಿಂದ ಇವೆ. 3 ವರ್ಷಗಳ ಹಿಂದೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಲಾಗಿದೆ. ಮಂಡಿನೋವೂ ಇದೆ. ಈಚಿನ ರಕ್ತಪರೀಕ್ಷೆಯಲ್ಲಿ ಕಿಡ್ನಿಯ ಸೋಸುವ ಶಕ್ತಿಯನ್ನು ತೋರಿಸುವ ಇಜಿಎಫ್‌ಆರ್ 42 ಎಂದು ಬಂದಿದೆ. ನಾಲ್ವರು ವೈದ್ಯರು ಬರೆದುಕೊಟ್ಟಿರುವ 11 ಔಷಧಗಳ ಪಟ್ಟಿಯನ್ನು ಜೊತೆಗೆ ಕಳುಹಿಸಿದ್ದೇನೆ. ಇವಲ್ಲದೆ ನೋವು ಹೆಚ್ಚಾದ ದಿನ ಅವರು ಡೈಕ್ಲೋಫೆನಾಕ್ ಮಾತ್ರೆಯನ್ನು ತಾವೇ ತರಿಸಿಕೊಂಡು ನುಂಗುತ್ತಾರೆ. ಎಲ್ಲವನ್ನೂ ಒಮ್ಮೆ ಫಾರ್ಮಸಿಸ್ಟ್ ಒಬ್ಬರಿಗೆ ತೋರಿಸಿ ಎಂದು ಪರಿಚಿತರು ಹೇಳುತ್ತಾರೆ. ಇಷ್ಟು ಜನ ವೈದ್ಯರು ನೋಡಿದ ಮೇಲೆ ಫಾರ್ಮಸಿಸ್ಟ್ ಹೆಚ್ಚಿಗೆ ಏನು ಮಾಡಬಲ್ಲರು? ವೈದ್ಯರು ಬೇಸರ ಮಾಡಿಕೊಳ್ಳುವುದಿಲ್ಲವೇ?

ಉತ್ತರ: ಖಂಡಿತವಾಗಿ ತೋರಿಸಿ. ಆದರೆ ಮೊದಲು ಒಂದು ಎಚ್ಚರಿಕೆ: ಇಲ್ಲಿ ಬರೆದಿರುವುದನ್ನು ಓದಿ ವೈದ್ಯರು ಬರೆದ ಯಾವ ಮಾತ್ರೆಯನ್ನೂ ತಾವಾಗಿ ನಿಲ್ಲಿಸಬೇಡಿ, ಪ್ರಮಾಣವನ್ನೂ ಬದಲಿಸಬೇಡಿ. ತಡೆಯಬೇಕಾದದ್ದು ಒಂದೇ, ಯಾರೂ ಬರೆಯದ ಆ ಡೈಕ್ಲೋಫೆನಾಕ್. ಅದರ ಕಾರಣವನ್ನು ಮುಂದೆ ವಿವರಿಸುತ್ತೇನೆ.

ಹೃದಯದ ವೈದ್ಯರು ಹೃದಯಕ್ಕೆ ಬೇಕಾದದ್ದನ್ನು ಬರೆಯುತ್ತಾರೆ, ಮಧುಮೇಹದ ವೈದ್ಯರು ಸಕ್ಕರೆಯ ಮಟ್ಟವನ್ನು ನೋಡುತ್ತಾರೆ, ಮೂಳೆಯ ವೈದ್ಯರು ಮಂಡಿಯನ್ನು ಪರೀಕ್ಷಿಸುತ್ತಾರೆ. ಪ್ರತಿಯೊಂದು ಚೀಟಿಯೂ ತನ್ನಷ್ಟಕ್ಕೆ ಸರಿಯಾಗಿರಬಹುದು. ತೊಂದರೆ ಹುಟ್ಟುವುದು ಚೀಟಿಗಳು ಒಂದೇ ದೇಹದೊಳಗೆ ಸೇರಿದಾಗ, ಮತ್ತು ಅವೆಲ್ಲವನ್ನೂ ಒಟ್ಟಿಗೆ ಇಟ್ಟುಕೊಂಡು ಓದುವ ಹೊಣೆ ಯಾರಿಗೂ ಸ್ಪಷ್ಟವಾಗಿ ಸೇರದೆ ಉಳಿದಾಗ. ಫಾರ್ಮಸಿಸ್ಟ್ ರೋಗವನ್ನು ಪತ್ತೆಹಚ್ಚುವವರಲ್ಲ. ಅವರ ಓದು ಮತ್ತು ತರಬೇತಿ ಇರುವುದು ಔಷಧದ ಬಗ್ಗೆ, ಅದು ದೇಹದಲ್ಲಿ ಹೇಗೆ ಹೀರಲ್ಪಡುತ್ತದೆ, ಎಲ್ಲಿ ಒಡೆಯುತ್ತದೆ, ಯಾವ ದಾರಿಯಿಂದ ಹೊರಹೋಗುತ್ತದೆ, ಇನ್ನೊಂದು ಔಷಧದ ಕೆಲಸಕ್ಕೆ ಎಲ್ಲಿ ಅಡ್ಡಬರುತ್ತದೆ ಎಂಬುದರ ಬಗ್ಗೆ. ಔಷಧವನ್ನು ಎಣಿಸಿ ಕೊಡುವುದಕ್ಕೆ ಅವರ ಕರ್ತವ್ಯ ಮುಗಿಯುವುದಿಲ್ಲ, ಔಷಧದಿಂದ ರೋಗಿಗೆ ಆಗುವ ಫಲಕ್ಕೂ ಅವರು ಹೊಣೆ ಹೊರಬೇಕು ಎಂಬ ವಿಚಾರವನ್ನು ಅಮೆರಿಕದ ಹೆಪ್ಲರ್ ಮತ್ತು ಸ್ಟ್ರ್ಯಾಂಡ್ 1990ರಲ್ಲಿಯೇ ಮಂಡಿಸಿದ್ದರು.

ತತ್ತ್ವಕ್ಕಿಂತ ತಾವು ಕಳುಹಿಸಿದ ಪಟ್ಟಿಯನ್ನೇ ಮುಂದಿಟ್ಟುಕೊಂಡರೆ ಫಾರ್ಮಸಿಸ್ಟ್ ಏನು ಮಾಡುತ್ತಾರೆಂಬುದು ಹೆಚ್ಚು ಸ್ಪಷ್ಟವಾಗುತ್ತದೆ. ಪಟ್ಟಿಯಲ್ಲಿ ಇರುವುವು ಇವು: ಮಧುಮೇಹಕ್ಕೆ ಮೆಟ್‌ಫಾರ್ಮಿನ್ 500 ಮಿಲಿಗ್ರಾಂ ದಿನಕ್ಕೆ ಎರಡು ಬಾರಿ ಮತ್ತು ಗ್ಲಿಮೆಪಿರೈಡ್, ರಕ್ತದೊತ್ತಡಕ್ಕೆ ಟೆಲ್ಮಿಸಾರ್ಟನ್ ಮತ್ತು ಅಮ್ಲೋಡಿಪಿನ್ ಸೇರಿರುವ ಒಂದು ಮಾತ್ರೆ, ಬೇರೆ ಹೆಸರಿನ ಇನ್ನೊಂದು ಅಮ್ಲೋಡಿಪಿನ್ ಮಾತ್ರೆ, ಮೂತ್ರ ಹೆಚ್ಚಿಸುವ ಫ್ಯೂರೋಸೆಮೈಡ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್, ಕೊಲೆಸ್ಟ್ರಾಲ್ ಇಳಿಸುವ ಅಟೋರ್ವಾಸ್ಟಾಟಿನ್, ಥೈರಾಯ್ಡ್‌ಗೆ ಲೆವೊಥೈರಾಕ್ಸಿನ್, ಕ್ಯಾಲ್ಸಿಯಂ ಮತ್ತು ಹೊಟ್ಟೆಯ ಆಮ್ಲ ತಗ್ಗಿಸುವ ಒಮೆಪ್ರಝೋಲ್.

ಅನುಭವವಿರುವ ಫಾರ್ಮಸಿಸ್ಟರ ಕಣ್ಣು ಮೊದಲು ನಿಲ್ಲುವುದು ಅಮ್ಲೋಡಿಪಿನ್ ಮೇಲೆ. ಅದು ಎರಡು ಕಡೆ ಇದೆ. ಒಬ್ಬ ವೈದ್ಯರು ಬರೆದ ಜೋಡಿ ಮಾತ್ರೆಯಲ್ಲಿ 5 ಮಿಲಿಗ್ರಾಂ, ಮತ್ತೊಬ್ಬರು ಬರೆದ ಒಂಟಿ ಮಾತ್ರೆಯಲ್ಲಿ 5 ಮಿಲಿಗ್ರಾಂ. ಡಬ್ಬಿಯ ಮೇಲಿನ ದೊಡ್ಡ ಅಕ್ಷರದ ಹೆಸರುಗಳು ಬೇರೆ ಬೇರೆಯಾದ್ದರಿಂದ ಮನೆಯವರಿಗೆ ಇವು ಎರಡು ಔಷಧಗಳಾಗಿ ಕಾಣುತ್ತವೆ. ಕೆಳಗೆ ಸಣ್ಣದಾಗಿ ಅಚ್ಚಾಗಿರುವ ಮೂಲದ್ರವ್ಯದ ಹೆಸರನ್ನು ಓದಿದರೆ ಒಂದೇ. ದಿನಕ್ಕೆ 10 ಮಿಲಿಗ್ರಾಂ ಅಸಾಧಾರಣ ಪ್ರಮಾಣವೇನಲ್ಲ, ಬೇಕೆಂದೇ ಹಾಗೆ ಬರೆದಿರಲೂಬಹುದು. ಆದರೆ ಇಬ್ಬರು ವೈದ್ಯರು ಪರಸ್ಪರರ ಚೀಟಿಯನ್ನು ನೋಡದೆ ಬರೆದಿದ್ದರೆ ಅದು ಯಾರೂ ತೀರ್ಮಾನಿಸದ 10 ಮಿಲಿಗ್ರಾಂ. ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲಿನ ವಾರಗಳಲ್ಲಿ ಇಂಥ ಇಮ್ಮಡಿ ಸೇವನೆ ವಿಶೇಷವಾಗಿ ಕಾಣಿಸುತ್ತದೆ, ಏಕೆಂದರೆ ಆಸ್ಪತ್ರೆಯಲ್ಲಿ ಕೊಟ್ಟ ಹೊಸ ಹೆಸರಿನ ಮಾತ್ರೆ ಶುರುವಾಗಿರುತ್ತದೆ, ಮನೆಯಲ್ಲಿದ್ದ ಹಳೆಯ ಹೆಸರಿನದೂ ನಿಂತಿರುವುದಿಲ್ಲ.

ಎರಡನೆಯದು ಇದಕ್ಕೇ ಹೆಣೆದುಕೊಂಡಿದೆ. ತಾಯಿಯವರ ಕಾಲು ಊದಿಕೊಂಡಿದ್ದರಿಂದ ಕಳೆದ ವರ್ಷ ಫ್ಯೂರೋಸೆಮೈಡ್ ಸೇರಿಸಿದರೆಂದು ಪಟ್ಟಿಯ ಬದಿಯಲ್ಲಿ ತಾವು ಬರೆದಿದ್ದೀರಿ. ಕಾಲು ಊದುವುದು ಅಮ್ಲೋಡಿಪಿನ್‌ನ ಬಲು ಪರಿಚಿತವಾದ ಅಡ್ಡಪರಿಣಾಮ, ಪ್ರಮಾಣ ಹೆಚ್ಚಿದಷ್ಟೂ ಅದು ಹೆಚ್ಚು. ಅಲ್ಲಿ ದೇಹದಲ್ಲಿ ನೀರು ಅತಿಯಾಗಿರುವುದಿಲ್ಲ. ಸೂಕ್ಷ್ಮ ರಕ್ತನಾಳಗಳು ಹಿಗ್ಗಿ ದ್ರವ ಸುತ್ತಲಿನ ಅಂಗಾಂಶಕ್ಕೆ ಜಿನುಗಿರುತ್ತದೆ. ಹಾಗಾಗಿ ಮೂತ್ರ ಹೆಚ್ಚಿಸುವ ಫ್ಯೂರೋಸೆಮೈಡ್‌ನಂಥ ನೀರಿನ ಮಾತ್ರೆಯಿಂದ ಊತ ಅಷ್ಟಾಗಿ ಇಳಿಯುವುದಿಲ್ಲ. ಬದಲಿಗೆ ಪೊಟ್ಯಾಸಿಯಂ ಕುಸಿಯಬಹುದು, ಯೂರಿಕ್ ಆಮ್ಲ ಏರಬಹುದು, ಏರಿದ ಯೂರಿಕ್ ಆಮ್ಲಕ್ಕೆಂದು ಮತ್ತೊಂದು ಮಾತ್ರೆ ಬರಬಹುದು. ಒಂದು ಔಷಧದ ಅಡ್ಡಪರಿಣಾಮವನ್ನು ಹೊಸ ರೋಗವೆಂದು ಭಾವಿಸಿ ಇನ್ನೊಂದು ಔಷಧ ಬರೆಯುವ ಈ ಸರಪಳಿಯನ್ನು ರೋಶಾನ್ ಮತ್ತು ಗುರ್ವಿಟ್ಜ್ ಎಂಬ ಸಂಶೋಧಕರು 1990ರ ದಶಕದಲ್ಲಿ ವೈದ್ಯಲೋಕದ ಗಮನಕ್ಕೆ ತಂದರು. ಊತಕ್ಕೆ ಹೃದಯದ ಅಥವಾ ಕಿಡ್ನಿಯ ತೊಂದರೆಯೂ ಕಾರಣವಾಗಿರಬಹುದು, ಅದನ್ನು ತೀರ್ಮಾನಿಸಬೇಕಾದವರು ವೈದ್ಯರೇ. ಆದರೆ "ಯಾವ ಮಾತ್ರೆ ಮೊದಲು ಬಂತು, ಊತ ಯಾವಾಗ ಶುರುವಾಯಿತು, ನೀರಿನ ಮಾತ್ರೆ ಯಾವಾಗ ಸೇರಿತು" ಎಂದು ದಿನಾಂಕಗಳನ್ನು ಸಾಲಾಗಿ ಜೋಡಿಸಿ ಪ್ರಶ್ನೆ ಎತ್ತಿಕೊಡುವ ಕೆಲಸವನ್ನು ಫಾರ್ಮಸಿಸ್ಟ್ ಚೆನ್ನಾಗಿ ಮಾಡಬಲ್ಲರು, ಏಕೆಂದರೆ ಒಂದೇ ಕಡೆ ಕೊಳ್ಳುತ್ತಿದ್ದರೆ ಔಷಧ ಖರೀದಿಯ ದಾಖಲೆ ಅವರಲ್ಲಿಯೇ ಇರುತ್ತದೆ.

ಈಗ ಡೈಕ್ಲೋಫೆನಾಕ್. ಈ ಪಟ್ಟಿಯಲ್ಲಿ ನನಗೆ ಅತಿ ಹೆಚ್ಚು ಆತಂಕ ತಂದಿರುವುದು ಪಟ್ಟಿಯಲ್ಲೇ ಇಲ್ಲದ ಈ ಮಾತ್ರೆ. ಟೆಲ್ಮಿಸಾರ್ಟನ್ ಕಿಡ್ನಿಯ ಸೋಸುಘಟಕಗಳಿಂದ ರಕ್ತ ಹೊರಹೋಗುವ ನಾಳವನ್ನು ಹಿಗ್ಗಿಸುತ್ತದೆ, ಡೈಕ್ಲೋಫೆನಾಕ್ ರಕ್ತ ಒಳಬರುವ ನಾಳವನ್ನು ಕುಗ್ಗಿಸುತ್ತದೆ, ಫ್ಯೂರೋಸೆಮೈಡ್ ದೇಹದ ಒಟ್ಟು ದ್ರವವನ್ನೇ ಇಳಿಸುತ್ತದೆ. ಮೂರೂ ಒಟ್ಟಾದಾಗ ಸೋಸಲು ಬೇಕಾದ ಒತ್ತಡ ಕುಸಿದು, ಕಿಡ್ನಿ ಕೆಲವೇ ದಿನಗಳಲ್ಲಿ ಹಠಾತ್ತನೆ ಹದಗೆಡುವ ಸಂಭವ ಇದೆ. ಇಜಿಎಫ್‌ಆರ್ ಈಗಾಗಲೇ 42ಕ್ಕೆ ಇಳಿದಿರುವವರಲ್ಲಿ ಆ ಸಂಭವ ಮತ್ತಷ್ಟು ಹೆಚ್ಚು. ಇದು ಸಾಲದೆಂಬಂತೆ ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ಜೊತೆಗೆ ಡೈಕ್ಲೋಫೆನಾಕ್ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವವಾಗುವ ಅಪಾಯ ಏರುತ್ತದೆ. ರಕ್ತದೊತ್ತಡವೂ ಏರಬಹುದು. ಹೃದಯದ ರಕ್ತನಾಳದ ಕಾಯಿಲೆ ಇರುವವರಿಗಂತೂ ಈ ಮಾತ್ರೆಯನ್ನು ಕೊಡಲೇಬಾರದೆಂಬ ಎಚ್ಚರಿಕೆ ಇದೆ. ತಾಯಿಯವರು ಇದನ್ನು ಮುಚ್ಚಿಟ್ಟಿದ್ದಾರೆಂದು ನಾನು ಹೇಳುತ್ತಿಲ್ಲ. ಚೀಟಿಯಿಲ್ಲದೆ ತಂದದ್ದು ಔಷಧವೆಂದು ಬಹಳ ಮಂದಿಗೆ ಅನ್ನಿಸುವುದೇ ಇಲ್ಲ, ವೈದ್ಯರು ಕೇಳಿದಾಗ ಅದನ್ನು ಹೇಳಬೇಕೆಂದೂ ಹೊಳೆಯುವುದಿಲ್ಲ. ನೋವಿಗೆ ಸೂಕ್ತ ಪ್ರಮಾಣದ ಪ್ಯಾರಾಸಿಟಮಾಲ್, ಮಂಡಿಗೆ ಹಚ್ಚುವ ಮುಲಾಮು, ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ, ಇವುಗಳಲ್ಲಿ ಯಾವುದು ಅವರಿಗೆ ಹೊಂದುತ್ತದೆಂದು ಫಾರ್ಮಸಿಸ್ಟರನ್ನೂ ಮೂಳೆಯ ವೈದ್ಯರನ್ನೂ ಕೇಳಿ. "ನೋವಿನ ಮಾತ್ರೆ ಬಿಡಿ" ಎಂದಷ್ಟೇ ಹೇಳಿ ನೋವನ್ನು ಹಾಗೇ ಬಿಟ್ಟರೆ ಅವರು ಮತ್ತೆ ಅದನ್ನೇ ತರಿಸಿಕೊಳ್ಳುತ್ತಾರೆ, ಅದರಲ್ಲಿ ಅವರ ತಪ್ಪೇನೂ ಇರುವುದಿಲ್ಲ.

ಉಳಿದವು ಇಷ್ಟು ತುರ್ತಿನವಲ್ಲ, ಆದರೆ ಕೇಳಲೇಬೇಕಾದವು. ಒಮೆಪ್ರಝೋಲ್ ಕ್ಲೋಪಿಡೋಗ್ರೆಲ್ ಅನ್ನು ಸಕ್ರಿಯಗೊಳಿಸುವ ಕಿಣ್ವವನ್ನು ತಡೆಯುತ್ತದೆ; ಹೊಟ್ಟೆಯ ರಕ್ಷಣೆಗೆ ಆಮ್ಲ ತಗ್ಗಿಸುವ ಮಾತ್ರೆ ಬೇಕೇ ಆದರೆ ಈ ಅಡ್ಡಿ ಕಡಿಮೆ ಇರುವ ಪ್ಯಾಂಟೊಪ್ರಝೋಲ್‌ನಂಥದ್ದನ್ನು ವೈದ್ಯರು ಪರಿಗಣಿಸಬಹುದು. ಸ್ಟೆಂಟ್ ಹಾಕಿ 3 ವರ್ಷವಾದ ಮೇಲೂ ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ಎರಡೂ ಮುಂದುವರಿಯಬೇಕೇ ಎಂಬುದನ್ನೂ ಹೃದಯದ ವೈದ್ಯರಲ್ಲಿ ಕೇಳಬೇಕು. ಸಾಮಾನ್ಯವಾಗಿ ಜೋಡಿಯಾಗಿ ಕೊಡುವುದು 6ರಿಂದ 12 ತಿಂಗಳು, ಕೆಲವರಿಗೆ ವಿಶೇಷ ಕಾರಣದಿಂದ ಹೆಚ್ಚು ಕಾಲ ಬೇಕಾಗುತ್ತದೆ. ಇದನ್ನು ಕೇಳಬಹುದೇ ಹೊರತು ತಾವಾಗಿ ನಿಲ್ಲಿಸುವಂತಿಲ್ಲ, ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿದರೆ ಪ್ರಾಣಕ್ಕೇ ಕುತ್ತು. ಮೆಟ್‌ಫಾರ್ಮಿನ್ ವಿಷಯದಲ್ಲಿ ಗಾಬರಿ ಬೇಡ. ಇಜಿಎಫ್‌ಆರ್ 30ಕ್ಕಿಂತ ಕೆಳಗಿಳಿದರೆ ಅದನ್ನು ನಿಲ್ಲಿಸುತ್ತಾರೆ, 30ರಿಂದ 45ರ ನಡುವೆ ಪ್ರಮಾಣವನ್ನು ಮರುಪರಿಶೀಲಿಸಿ ಸಾಮಾನ್ಯವಾಗಿ ದಿನಕ್ಕೆ 1000 ಮಿಲಿಗ್ರಾಂ ಮೀರದಂತೆ ನೋಡಿಕೊಳ್ಳುತ್ತಾರೆ. ತಾಯಿಯವರು ಸೇವಿಸುತ್ತಿರುವುದು ಅಷ್ಟೇ. ಆದರೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಸೇವಿಸಿದವರಲ್ಲಿ ವಿಟಮಿನ್ ಬಿ12 ಕಡಿಮೆಯಾಗಬಹುದು, ಒಮೆಪ್ರಝೋಲ್ ಕೂಡ ಅದನ್ನು ತಗ್ಗಿಸಬಹುದು. ಪಾದ ಜೋಮು ಹಿಡಿಯುತ್ತಿದ್ದರೆ ಅದೆಲ್ಲ ಮಧುಮೇಹದಿಂದಲೇ ಎಂದುಕೊಳ್ಳದೆ ಬಿ12 ಪರೀಕ್ಷೆ ಮಾಡಿಸುವುದು ಒಳ್ಳೆಯದು. ಗ್ಲಿಮೆಪಿರೈಡ್ ಬಗ್ಗೆ ನನಗೆ ಇನ್ನಷ್ಟು ಕಾಳಜಿ ಇದೆ. ವಯಸ್ಸಾದವರಲ್ಲಿ, ಅದರಲ್ಲೂ ಕಿಡ್ನಿಯ ಶಕ್ತಿ ಕುಂದಿದವರಲ್ಲಿ, ಒಂದು ಹೊತ್ತಿನ ಊಟ ತಪ್ಪಿದರೂ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಬೆಳಗಿನ ಜಾವದ ಬೆವರು, ನಡುಕ, ಗಲಿಬಿಲಿಯನ್ನು ವಯಸ್ಸಿನ ಸುಸ್ತೆಂದು ತಳ್ಳಿಹಾಕಬಾರದು.

ಪಟ್ಟಿ ಓದುವುದು ಅರ್ಧ ಕೆಲಸ ಮಾತ್ರ. ಚೀಟಿಯಲ್ಲಿ ಇರುವುದಕ್ಕೂ ಹೊಟ್ಟೆಗೆ ಹೋಗುವುದಕ್ಕೂ ಇರುವ ಅಂತರವನ್ನು ಕಂಡುಹಿಡಿಯುವುದು ಇನ್ನರ್ಧ. ಮುಂದುವರಿದ ದೇಶಗಳಲ್ಲಿಯೂ ದೀರ್ಘಕಾಲದ ಚಿಕಿತ್ಸೆಯನ್ನು ಹೇಳಿದಂತೆ ಪಾಲಿಸುವವರು ಸುಮಾರು ಅರ್ಧದಷ್ಟು ಮಂದಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರ ವರದಿಯಲ್ಲಿ ಹೇಳಿತ್ತು. ಇದನ್ನು ರೋಗಿಯ ಅಶಿಸ್ತು ಎಂದು ಬಗೆಯುವವರ ಜೊತೆ ನನಗೆ ಸಹಮತವಿಲ್ಲ. ನೀರಿನ ಮಾತ್ರೆ ನುಂಗಿದ ದಿನ ಹೊರಗೆ ಹೋಗಲಾಗದೆಂದು ಬಿಡುವವರಿದ್ದಾರೆ, ದೊಡ್ಡ ಮಾತ್ರೆ ಗಂಟಲಲ್ಲಿ ಇಳಿಯದೆಂದು ಪುಡಿಮಾಡಿ ನುಂಗುವವರಿದ್ದಾರೆ. ನಿಧಾನವಾಗಿ ಕರಗುವಂತೆ ತಯಾರಿಸಿದ ಮಾತ್ರೆಯನ್ನು ಪುಡಿಮಾಡಿದರೆ ಇಡೀ ದಿನದ ಔಷಧ ಒಮ್ಮೆಗೇ ರಕ್ತಕ್ಕೆ ಸೇರುತ್ತದೆ. ಎಲ್ಲ ಮಾತ್ರೆಗಳನ್ನೂ ಬೆಳಗ್ಗೆ ಒಂದೇ ಗುಟುಕಿಗೆ ನುಂಗಿ ಮುಗಿಸುವವರೂ ಬಹಳ. ತಾಯಿಯವರು ಹಾಗೆ ಮಾಡುತ್ತಿದ್ದರೆ ಲೆವೊಥೈರಾಕ್ಸಿನ್‌ನ ಒಂದು ಭಾಗ ಕ್ಯಾಲ್ಸಿಯಂ ಜೊತೆ ಕೂಡಿಕೊಂಡು ಕರುಳಿನಲ್ಲಿಯೇ ಉಳಿದುಬಿಡುತ್ತದೆ. ಥೈರಾಯ್ಡ್ ಹಾರ್ಮೋನು ಸಾಲದಾದಾಗ ಹೆಚ್ಚುವ ಟಿಎಸ್‌ಎಚ್ ಪರೀಕ್ಷೆಯಲ್ಲಿ ಏರಿರುತ್ತದೆ. ವೈದ್ಯರು ಥೈರಾಯ್ಡ್ ಮಾತ್ರೆಯ ಪ್ರಮಾಣ ಹೆಚ್ಚಿಸುತ್ತಾರೆ. ಅಲ್ಲಿ ಬೇಕಾಗಿದ್ದದ್ದು ಹೆಚ್ಚಿನ ಪ್ರಮಾಣವಲ್ಲ, ಎರಡರ ನಡುವೆ 4 ಗಂಟೆಗಳ ಅಂತರ. ಲೆವೊಥೈರಾಕ್ಸಿನ್ ಅನ್ನು ಬೆಳಗಿನ ತಿಂಡಿಗೆ 30ರಿಂದ 60 ನಿಮಿಷ ಮೊದಲು ಬರಿಯ ನೀರಿನಲ್ಲಿ ನುಂಗಿ, ಕ್ಯಾಲ್ಸಿಯಂ ಅನ್ನು ಮಧ್ಯಾಹ್ನ ಅಥವಾ ರಾತ್ರಿಯ ಊಟಕ್ಕೆ ಇಟ್ಟುಕೊಂಡರೆ ಸಾಕು. ಈ ತಿದ್ದುಪಡಿ ಮಾಡಿದ ಮೇಲೆ 6ರಿಂದ 8 ವಾರಕ್ಕೆ ಟಿಎಸ್‌ಎಚ್ ಮತ್ತೆ ನೋಡಬೇಕೆಂಬುದನ್ನು ವೈದ್ಯರಿಗೆ ತಿಳಿಸಿ, ಏಕೆಂದರೆ ಪ್ರಮಾಣ ಮೊದಲೇ ಹೆಚ್ಚಾಗಿದ್ದರೆ ಈಗ ಅದು ಅತಿಯಾಗಬಹುದು.

ವಾರದ ಖಾನೆಗಳಿರುವ ಮಾತ್ರೆ ಡಬ್ಬಿಯ ಬಗ್ಗೆಯೂ ಒಂದು ಮಾತು. ಅದು ಉಪಯುಕ್ತ ವಸ್ತುವೇ, ಆದರೆ ಅದನ್ನು ಮೊದಲ ಪರಿಹಾರವೆಂದು ಶಿಫಾರಸು ಮಾಡುವುದು ನನಗೆ ಒಪ್ಪಿಗೆಯಿಲ್ಲ. ಪಟ್ಟಿ ಸರಿಯಾಗುವ ಮೊದಲೇ ಡಬ್ಬಿ ತುಂಬಿದರೆ ತಪ್ಪನ್ನೇ ಶಿಸ್ತಿನಿಂದ ನುಂಗಿದಂತಾಗುತ್ತದೆ. ಮೊಬೈಲ್ ಆ್ಯಪ್‌ಗಳ ಕಥೆಯೂ ಹೀಗೆಯೇ. 11 ಔಷಧಗಳ ಹೆಸರು ಕೊಟ್ಟರೆ ಅವು ಹತ್ತಾರು ಕೆಂಪು ಎಚ್ಚರಿಕೆಗಳನ್ನು ತೋರಿಸುತ್ತವೆ. ಅವುಗಳಲ್ಲಿ ಈ ರೋಗಿಗೆ ನಿಜವಾಗಿ ಸಂಬಂಧಿಸಿದವು ಯಾವುವು ಎಂದು ಬೇರ್ಪಡಿಸಲು ವಯಸ್ಸು, ಕಿಡ್ನಿಯ ವರದಿ, ಸೇವನೆಯ ಕ್ರಮ ಎಲ್ಲವೂ ಗೊತ್ತಿರುವ ವ್ಯಕ್ತಿಯೇ ಬೇಕು. ಫಾರ್ಮಸಿಸ್ಟರೂ ಸಿದ್ಧ ಮಾನದಂಡಗಳನ್ನು ಬಳಸುತ್ತಾರೆ. ವಯಸ್ಸಾದವರಿಗೆ ಸೂಕ್ತವಲ್ಲದ ಔಷಧಗಳ ಬಿಯರ್ಸ್ ಪಟ್ಟಿ 1991ರಿಂದ ಇದೆ, 2023ರಲ್ಲಿಯೂ ಪರಿಷ್ಕಾರವಾಗಿದೆ. 2008ರಲ್ಲಿ ಐರ್ಲೆಂಡಿನಿಂದ ಬಂದ ಸ್ಟಾಪ್ ಮತ್ತು ಸ್ಟಾರ್ಟ್ ಮಾನದಂಡಗಳು ಬಿಡಬೇಕಾದವನ್ನಷ್ಟೇ ಅಲ್ಲದೆ, ಇರಬೇಕಾಗಿದ್ದೂ ಬಿಟ್ಟುಹೋಗಿರುವ ಔಷಧಗಳನ್ನೂ ಗುರುತಿಸುತ್ತವೆ. ಮರುಪರಿಶೀಲನೆಯೆಂದರೆ ಮಾತ್ರೆಗಳ ಸಂಖ್ಯೆ ಇಳಿಸುವುದೆಂದೇ ತಿಳಿಯಬಾರದು ಎಂಬುದಕ್ಕೆ ಇದನ್ನು ಹೇಳಿದೆ.

ವೈದ್ಯರಿಗೆ ಬೇಸರವಾದೀತೇ ಎಂಬ ತಮ್ಮ ಅಳುಕು ಸಹಜವಾದದ್ದು. ಅದು ಹೇಳುವ ರೀತಿಯನ್ನು ಅವಲಂಬಿಸಿದೆ. "ಫಾರ್ಮಸಿಸ್ಟ್ ಈ ಮಾತ್ರೆ ತಪ್ಪು ಅಂದರು" ಎಂದು ತಾವು ಬಾಯಿಮಾತಿನಲ್ಲಿ ಒಯ್ದರೆ ಯಾವ ವೈದ್ಯರಿಗಾದರೂ ಕಿರಿಕಿರಿಯಾಗುತ್ತದೆ. ಆದ್ದರಿಂದ ಫಾರ್ಮಸಿಸ್ಟರಿಂದಲೇ ಒಂದು ಚಿಕ್ಕ ಬರಹ ಕೇಳಿ ಪಡೆಯಿರಿ. ಒಳ್ಳೆಯ ಬರಹ ಹೆಚ್ಚುಕಡಿಮೆ ಹೀಗಿರುತ್ತದೆ: "ಇವರು ಟೆಲ್ಮಿಸಾರ್ಟನ್ 40 ಮತ್ತು ಅಮ್ಲೋಡಿಪಿನ್ 5 ಸೇರಿದ ಮಾತ್ರೆಯನ್ನೂ, ಪ್ರತ್ಯೇಕವಾಗಿ ಅಮ್ಲೋಡಿಪಿನ್ 5 ಅನ್ನೂ ಸೇವಿಸುತ್ತಿದ್ದಾರೆ. ಎರಡನೆಯದು ಸೇರಿದ ಬಳಿಕ ಕಾಲಿನ ಊತ ಕಾಣಿಸಿಕೊಂಡಿದ್ದು, ನಂತರ ಫ್ಯೂರೋಸೆಮೈಡ್ ಆರಂಭವಾಗಿದೆ. ಈಗಿನ ಇಜಿಎಫ್‌ಆರ್ 42. ಮನೆಯಲ್ಲಿ ಅಳೆದ ರಕ್ತದೊತ್ತಡದ ದಾಖಲೆಯನ್ನು ಲಗತ್ತಿಸಿದೆ. ಒಟ್ಟು 10 ಮಿಲಿಗ್ರಾಂ ಉದ್ದೇಶಿತವೇ ಎಂದೂ, ಫ್ಯೂರೋಸೆಮೈಡ್ ಮುಂದುವರಿಸಬೇಕೇ ಎಂದೂ ದಯವಿಟ್ಟು ತಿಳಿಸಿ." ಇದರಲ್ಲಿ ದೂರು ಇಲ್ಲ, ಗಮನಿಸಿದ ಸಂಗತಿ ಮತ್ತು ಕೇಳಬೇಕಾದ ಪ್ರಶ್ನೆ ಮಾತ್ರ ಇವೆ. ರೋಗಿಗಳ ದಟ್ಟಣೆಯ ನಡುವೆ ನಾಲ್ಕು ಸಾಲಿನ ಇಂಥ ಬರಹ ಕೈಗೆ ಬಂದರೆ ಹೆಚ್ಚಿನ ವೈದ್ಯರು ಅದನ್ನು ಸ್ವಾಗತಿಸುತ್ತಾರೆ.

ಇದು ಹೊಸ ಪ್ರಯೋಗವೂ ಅಲ್ಲ. ಅಮೆರಿಕದ ಆ್ಯಶ್‌ವಿಲ್ ನಗರದಲ್ಲಿ 1996ರಲ್ಲಿ ಮಧುಮೇಹವಿದ್ದ ನಗರಾಡಳಿತದ ನೌಕರರು ನಿಯಮಿತವಾಗಿ ಫಾರ್ಮಸಿಸ್ಟರನ್ನು ಭೇಟಿಯಾಗುವ ವ್ಯವಸ್ಥೆ ಶುರುವಾಯಿತು, ಅವರ ಸಕ್ಕರೆಯ ಹತೋಟಿ ಸುಧಾರಿಸಿತು. ಆಸ್ಟ್ರೇಲಿಯಾದಲ್ಲಿ 2001ರಿಂದ ವೈದ್ಯರ ಶಿಫಾರಸಿನ ಮೇರೆಗೆ ಫಾರ್ಮಸಿಸ್ಟ್ ಮನೆಗೇ ಬಂದು ಔಷಧಗಳನ್ನು ಪರಿಶೀಲಿಸುವ ಏರ್ಪಾಡಿದೆ. ಇಂಗ್ಲೆಂಡಿನಲ್ಲಿ 2011ರಿಂದ ಕೆಲವು ದೀರ್ಘಕಾಲದ ರೋಗಗಳಿಗೆ ಹೊಸ ಔಷಧ ಶುರುವಾದ 7ರಿಂದ 14 ದಿನಗಳೊಳಗೆ ಫಾರ್ಮಸಿಸ್ಟ್ ರೋಗಿಯೊಂದಿಗೆ ಮಾತನಾಡುತ್ತಾರೆ, ಎರಡು ಮೂರು ವಾರ ಕಳೆದು ಮತ್ತೆ ವಿಚಾರಿಸುತ್ತಾರೆ. ಈ ಸಮಯದ ಆಯ್ಕೆ ಜಾಣತನದ್ದು, ಏಕೆಂದರೆ ಹೊಸ ಮಾತ್ರೆಯನ್ನು ಸದ್ದಿಲ್ಲದೆ ಕೈಬಿಡುವವರು ಬಹುಪಾಲು ಕೈಬಿಡುವುದು ಮೊದಲ ಕೆಲವು ವಾರಗಳಲ್ಲಿಯೇ. ತಾವಿರುವ ಕಡೆ ಇಂಥ ಅಧಿಕೃತ ಸೇವೆ ಇಲ್ಲದಿದ್ದರೂ ಫಾರ್ಮಸಿಸ್ಟರ ಬಳಿ ಬಿಡುವಿನ ವೇಳೆಯನ್ನು ಕೇಳಿಕೊಂಡು ಅರ್ಧ ಗಂಟೆ ಕೂತು ಮಾತನಾಡಬಹುದು. ಜನ ತುಂಬಿರುವ ಹೊತ್ತಿನಲ್ಲಿ ಚೀಲ ಬಿಚ್ಚಿದರೆ ಪ್ರಯೋಜನವಾಗದು.

ಹೋಗುವಾಗ ಪಟ್ಟಿಯೊಂದನ್ನೇ ಒಯ್ಯಬೇಡಿ, ಮನೆಯಲ್ಲಿರುವ ಔಷಧಗಳನ್ನೆಲ್ಲ ಒಯ್ಯಿರಿ. ಅರ್ಧ ಖಾಲಿಯಾದ ಮಾತ್ರೆಗಳ ಸ್ಟ್ರಿಪ್‌ಗಳು, ಕಣ್ಣಿನ ಹನಿಗಳು, ಮುಲಾಮು, ಕೆಮ್ಮಿನ ಔಷಧ, ವಿಟಮಿನ್, ಗಿಡಮೂಲಿಕೆಯ ಪುಡಿ, ಬೇರೆಯವರು ಕೊಟ್ಟ ಮಾತ್ರೆ, ಎಲ್ಲವೂ ಇರಲಿ. ಗ್ಲಾಕೋಮಾಕ್ಕೆ ಹಾಕುವ ಟಿಮೊಲಾಲ್ ಹನಿ ಆಸ್ತಮಾ ಇರುವವರಲ್ಲಿ ಉಸಿರಾಟವನ್ನು ಕೆಡಿಸಬಲ್ಲದು, ಜ್ಯೇಷ್ಠಮಧು ರಕ್ತದೊತ್ತಡವನ್ನು ಏರಿಸಿ ಪೊಟ್ಯಾಸಿಯಂ ಇಳಿಸಬಲ್ಲದು, ಕಟ್ಟಿದ ಮೂಗಿಗೆ ನುಂಗುವ ಕೆಲವು ಮಾತ್ರೆಗಳೂ ರಕ್ತದೊತ್ತಡ ಏರಿಸುತ್ತವೆ. ಈಚಿನ ರಕ್ತಪರೀಕ್ಷೆಯ ವರದಿಗಳು ಮತ್ತು ಮನೆಯಲ್ಲಿ ಅಳೆದ ರಕ್ತದೊತ್ತಡ, ಸಕ್ಕರೆಯ ಅಂಕಿಗಳೂ ಬೇಕು. ಸಾಧ್ಯವಾದರೆ ತಾಯಿಯವರೇ ಬರಲಿ, "ಬೆಳಗ್ಗೆ ಎದ್ದ ಮೇಲೆ ಯಾವುದನ್ನು ಮೊದಲು ತೆಗೆದುಕೊಳ್ಳುತ್ತೀರಿ" ಎಂಬ ಪ್ರಶ್ನೆಗೆ ಅವರೇ ಉತ್ತರಿಸಲಿ. ತಮ್ಮ ಉತ್ತರವೂ ಅವರ ಉತ್ತರವೂ ಬೇರೆಯಾಗಿದ್ದರೆ ಆಶ್ಚರ್ಯಪಡಬೇಡಿ. ಆ ಬಳಿಕ ಸಾಧ್ಯವಾದಷ್ಟೂ ಎಲ್ಲ ಔಷಧಗಳನ್ನು ಒಂದೇ ಕಡೆ ಕೊಳ್ಳಿ. ನಾಲ್ಕು ಕಡೆ ಕೊಂಡರೆ ಈಗ ನಾಲ್ವರು ವೈದ್ಯರ ನಡುವೆ ಇರುವ ಬಿರುಕೇ ನಾಲ್ವರು ಫಾರ್ಮಸಿಸ್ಟರ ನಡುವೆಯೂ ಮೂಡುತ್ತದೆ.

ಅದೇ ಭೇಟಿಯಲ್ಲಿ ಕಾಯಿಲೆ ಬಿದ್ದ ದಿನಗಳ ಸೂಚನೆಯನ್ನೂ ಕೇಳಿ, ವೈದ್ಯರ ಒಪ್ಪಿಗೆಯೊಂದಿಗೆ ಬರೆಸಿಕೊಳ್ಳಿ. ವಾಂತಿ, ಭೇದಿ ಅಥವಾ ತೀವ್ರ ಜ್ವರದಿಂದ ನೀರು ನಿಲ್ಲದ ಸ್ಥಿತಿಯಲ್ಲಿ ಟೆಲ್ಮಿಸಾರ್ಟನ್, ಫ್ಯೂರೋಸೆಮೈಡ್ ಮತ್ತು ಮೆಟ್‌ಫಾರ್ಮಿನ್ ಅನ್ನು ತಾತ್ಕಾಲಿಕವಾಗಿ ತಡೆದು, ಮೊದಲಿನಂತೆ ಉಣ್ಣುವ, ಕುಡಿಯುವ ಸ್ಥಿತಿ ಬಂದು 24ರಿಂದ 48 ಗಂಟೆ ಕಳೆದ ಮೇಲೆ ಮತ್ತೆ ಆರಂಭಿಸುವಂತೆ ಹಲವು ವೈದ್ಯರು ಹೇಳುತ್ತಾರೆ. ಊಟವಿಲ್ಲದ ದಿನ ಗ್ಲಿಮೆಪಿರೈಡ್ ಏನು ಮಾಡಬೇಕೆಂಬುದೂ ಅದರಲ್ಲಿ ಇರಬೇಕು. ತಾಯಿಯವರ ವಿಷಯದಲ್ಲಿ ಯಾವುದು, ಎಷ್ಟು ದಿನ ಎಂಬುದು ಮೊದಲೇ ಬರಹದಲ್ಲಿದ್ದರೆ ಮಧ್ಯರಾತ್ರಿಯಲ್ಲಿ ಊಹಿಸುವ ಪ್ರಮೇಯ ಬರುವುದಿಲ್ಲ.

ಫಾರ್ಮಸಿಸ್ಟರ ಮಿತಿಯನ್ನೂ ತಿಳಿದಿರಿ. ಅವರು ಹೊಸ ರೋಗವನ್ನು ನಿರ್ಣಯಿಸಲಾರರು. ಬಹುತೇಕ ಕಡೆ ವೈದ್ಯರ ಒಪ್ಪಿಗೆಯಿಲ್ಲದೆ ಚೀಟಿಯನ್ನು ಬದಲಿಸಲೂ ಅವರಿಗೆ ಅಧಿಕಾರವಿಲ್ಲ. ತಮ್ಮ ಎದುರಿಗಿರುವವರು ಅರ್ಹತೆ ಪಡೆದ ಫಾರ್ಮಸಿಸ್ಟರೇ, ಇಲ್ಲವೇ ಮಾರಾಟಕ್ಕೆ ನಿಂತ ಸಹಾಯಕರೇ ಎಂದು ಸಂಕೋಚವಿಲ್ಲದೆ ಕೇಳಿ. ಕೇಳಿದ್ದಕ್ಕೆಲ್ಲ ಒಂದು ಮಾತ್ರೆ ಎತ್ತಿಕೊಡುವವರಿಗಿಂತ, "ಇದನ್ನು ಕೊಡುವ ಮೊದಲು ಬೇರೆ ಏನೇನು ತೆಗೆದುಕೊಳ್ಳುತ್ತಿದ್ದೀರಿ ಹೇಳಿ" ಎನ್ನುವವರನ್ನು ಆರಿಸಿಕೊಳ್ಳಿ. ಮಲ ಕಪ್ಪಗೆ ಟಾರಿನಂತೆ ಹೋದರೆ, ಮೂತ್ರ ತೀರಾ ಕಡಿಮೆಯಾದರೆ, ಎದೆನೋವು ಅಥವಾ ಉಸಿರುಕಟ್ಟುವಿಕೆ ಕಾಣಿಸಿಕೊಂಡರೆ, ಸಿಹಿ ಕೊಟ್ಟ ಮೇಲೂ ಗಲಿಬಿಲಿ ಇಳಿಯದಿದ್ದರೆ ಫಾರ್ಮಸಿಸ್ಟರಿಗಾಗಿ ಕಾಯದೆ ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಿರಿ, ಔಷಧಗಳ ಚೀಲವನ್ನು ಜೊತೆಗೇ ತೆಗೆದುಕೊಳ್ಳಿ.